ಅತ್ತೆಯ ಮುಂದೆ ಉಗುಳದವಳು

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಮನುಷ್ಯ. ಲ್ಯಾಬೊರೇಟರಿ ಕೆಲಸಕ್ಕೆ ತಾಳ್ಮೆ ಬೇಕು ಅನ್ನುತ್ತಾರೆ. ಗಾಜಿನ ಪಟ್ಟಿ ಮುಂದಿಟ್ಟುಕೊಂಡು ಕೂತಾಗ ನನಗೆ ತಾಳ್ಮೆಗೇನೂ ಕೊರತೆಯಿರಲಿಲ್ಲ. ಮನುಷ್ಯರ ಮುಂದೆ ನಿಂತಾಗ ಮಾತ್ರ ಅದು ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ನನಗೆ ಸಿಟ್ಟು ಬಂದದ್ದು ಮೊದಲು ಒಬ್ಬ ಹಳ್ಳಿಯ ಹುಡುಗಿಯ ಮೇಲೆ, ಆಮೇಲೆ ನಮ್ಮ ಡಾಕ್ಟರ ಮೇಲೆ, ಕಡೆಗೆ ನನ್ನ ಮೇಲೆಯೇ. ಮೊದಲ ಎರಡೂ ಇಳಿದುಹೋದವು. ಮೂರನೆಯದು ಇಷ್ಟು ವರ್ಷವಾದರೂ ಇಳಿದಿಲ್ಲ.

ನಾನಿದ್ದ ಆದವಾನಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರದ ಕರ್ನೂಲಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಹತ್ತಿ ವ್ಯಾಪಾರಿಗಳು ಕೂಡಿ ನಡೆಸುತ್ತಿದ್ದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಕಫ, ಮಲ, ಮೂತ್ರ, ರಕ್ತ ಪರೀಕ್ಷೆ ಮಾಡುವವನು ನಾನು. ಕರಾವಳಿ ಕಡೆಯಿಂದ ಬಂದ ತೆಲುಗು ಡಾಕ್ಟರು ಒಬ್ಬರು, ಕಂಪೌಂಡರು ಒಬ್ಬ, ಆಯಾ ಒಬ್ಬಳು. ಇಷ್ಟೇ ಜನ. ನನ್ನ ಕೋಣೆಗೆ ಕರೆಂಟು ಇರಲಿಲ್ಲ. ಕಿಟಕಿಯ ಬಿಸಿಲನ್ನು ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಗೆ ಹಿಡಿದು ನೋಡಬೇಕು. ಮಧ್ಯಾಹ್ನ ದಾಟಿ ಬಿಸಿಲು ಕಿಟಕಿ ಬಿಟ್ಟಿತೆಂದರೆ ನನ್ನ ಕೆಲಸವೂ ಮುಗಿದಂತೆ.

ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸೂಜಿ ಬಂದ ಹೊಸದು. ಸೀಸೆಗಳು ಮದರಾಸಿನಿಂದ ಬರಬೇಕು, ಬರುತ್ತಿದ್ದುದು ಬೆರಳೆಣಿಕೆಯಷ್ಟು. ಅದಕ್ಕೇ ಡಾಕ್ಟರು ಒಂದು ಕಟ್ಟುನಿಟ್ಟು ಮಾಡಿದ್ದರು. ಕಫದಲ್ಲಿ ಕ್ಷಯದ ಕ್ರಿಮಿ ಕಣ್ಣಿಗೆ ಕಂಡವರಿಗೆ ಮಾತ್ರ ಸೂಜಿ. ಮೂರು ದಿನ ಬೆಳಗಿನ ಕಫ ನೋಡುವುದು, ಮೂರರಲ್ಲೂ ಕಾಣದಿದ್ದರೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಊರಿಗೆ ಕಳಿಸುವುದು. ಎಕ್ಸ್‌ರೇ ಬೇಕೆಂದರೆ ಬಳ್ಳಾರಿಗೆ ಹೋಗಬೇಕು, ಹೋಗುವವರು ಯಾರು?

ಎರಡನೆಯ ನಿಯಮ ಒಂದಿತ್ತು, ಅದು ನನ್ನದು. ಕೆಲವು ವರ್ಷದ ಹಿಂದೆ ಹತ್ತಿ ಗಿರಣಿಯ ಕೂಲಿಯೊಬ್ಬ ರಜೆಯ ಆಸೆಗೆ ಕ್ಷಯವಿದ್ದ ತನ್ನ ಅಣ್ಣನ ಕಫ ತಂದು ತನ್ನದೆಂದು ಕೊಟ್ಟಿದ್ದ. ಅದು ಗೊತ್ತಾದ ದಿನ ನಾನು ಕುದ್ದುಹೋದೆ. ಸೀದಾ ಡಾಕ್ಟರ ಹತ್ತಿರ ಹೋಗಿ, ಇನ್ನು ಮೇಲೆ ಯಾರೇ ಆಗಲಿ ನನ್ನ ಕಣ್ಣೆದುರಿಗೇ ಉಗುಳಬೇಕು, ಮನೆಯಿಂದ ತಂದದ್ದು ಬೇಡ ಎಂದು ಬರೆಸಿ ಗೋಡೆಗೆ ಅಂಟಿಸಿದೆ. ಎಂಥ ಬುದ್ಧಿವಂತಿಕೆ ಮಾಡಿದೆ ಎಂದು ಆಗ ಬೀಗಿದ್ದೆ.

ಆ ಅತ್ತೆ ಸೊಸೆ ಬಂದದ್ದು ಚಿಪ್ಪಗಿರಿ ಕಡೆಯ ಒಂದು ಹಳ್ಳಿಯಿಂದ. ಅತ್ತೆ ಗಟ್ಟಿ ಹೆಂಗಸು, ಮಾತು ಜೋರು. ಸೊಸೆಗೆ ಇಪ್ಪತ್ತು ಇರಬಹುದು. ರವಿಕೆಯ ತೋಳು ಜೋತುಬಿದ್ದಿತ್ತು, ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಮೂರು ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಎಂಟು ತಿಂಗಳ ಕೂಸನ್ನು ಅದರ ಅಪ್ಪನ ಹತ್ತಿರ ಬಿಟ್ಟು ಬಂದಿದ್ದರು. ಸ್ಟೇಷನ್ ಹತ್ತಿರದ ಛತ್ರದಲ್ಲಿ ಇಬ್ಬರೂ ಇಳಿದುಕೊಂಡಿದ್ದರು.

ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ.

"ನಾಳಿ ಎದ್ದ ಕೂಡ್ಲೆ ಬಾಯಿ ಮುಕ್ಕಳಿಸಬ್ಯಾಡ, ಹಲ್ಲು ತಿಕ್ಕಬ್ಯಾಡ, ಏನೂ ತಿನ್ನಬ್ಯಾಡ. ರಾತ್ರೆಲ್ಲಾ ಎದಿಯಾಗ ಕೂಡಿದ್ದ ಕಫ ಇರತೈತಲ್ಲ, ಅದೇ ಬೇಕು ನನಗ. ಇಲ್ಲಿಗೆ ಬಂದು ಎದಿ ಒಳಗಿಂದ ಕೆಮ್ಮಿ ಈ ಡಬ್ಬಿಯೊಳಗ ಉಗುಳಬೇಕು. ತಿಳೀತೇನು?"

ಹುಡುಗಿ ತಲೆ ಆಡಿಸಿದಳು. ಅತ್ತೆ ಅವಳ ಪರವಾಗಿ, "ತಿಳೀತು ಯಪ್ಪಾ, ಎಲ್ಲಾ ತಿಳೀತು" ಅಂದಳು.

ಮರುದಿನ ಬೆಳಿಗ್ಗೆ ಬಂದಾಗ ಹುಡುಗಿಯ ಮುಖ ತೊಳೆದು ಲಕ್ಷಣವಾಗಿತ್ತು, ಹಣೆಗೆ ಕುಂಕುಮ, ಬಾಯಿಂದ ಬೇವಿನ ಕಡ್ಡಿಯ ವಾಸನೆ. ನನಗೆ ಅಲ್ಲೇ ತಲೆ ಕೆಟ್ಟಿತು.

"ಹೇಳಿದ್ದೇನು, ಮಾಡಿದ್ದೇನು?"

ಅತ್ತೆ ನನ್ನನ್ನೇ ದಬಾಯಿಸಿದಳು. "ಅಲ್ಲಪ್ಪಾ, ಮುಸುರಿ ಮಾರೀಲೆ ಹೆಣ್ಮಗಳು ಬೀದಿಗೆ ಬರತಾಳೇನು? ಹಂಗೆಲ್ಲಾ ನಮ್ಮಲ್ಲಿ ನಡಿಯಂಗಿಲ್ಲ."

ಆಗಲಿ, ಇದ್ದದ್ದು ಕೊಡು ಎಂದು ಮುಲಾಮಿನ ಡಬ್ಬಿ ಕೈಗಿಟ್ಟೆ. ಕುದಿಸಿ ಒಣಗಿಸಿಟ್ಟ ಚಪ್ಪಟೆ ತಗಡಿನ ಡಬ್ಬಿಗಳು ಅವು. ಹುಡುಗಿ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ಕೆಮ್ಮು ಎದೆಯ ಆಳದಿಂದ ಬಂತು, ಒಳಗೆ ಏನೋ ಗೊರಗೊರ ಅಂದದ್ದು ನನಗೆ ಕೇಳಿಸಿತು. ಆಮೇಲೆ ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಅದನ್ನೂ ಈ ಕಣ್ಣಿಂದಲೇ ನೋಡಿದೆ. ನೋಡಿ ಏನು ಬಂತು? ಡಬ್ಬಿಯಲ್ಲಿ ನೀರಿನಂಥ ನಾಲ್ಕು ಹನಿ ಜೊಲ್ಲು ಬಿದ್ದಿತ್ತು.

ಕಲಿಸಿದ ಗುರುಗಳು ಹೇಳಿದ್ದರು, ಜೊಲ್ಲು ಪರೀಕ್ಷೆಗೆ ಯೋಗ್ಯವಲ್ಲ, ತಿರುಗಿ ಕಳಿಸು ಎಂದು. ನಾನು ಕಳಿಸಲಿಲ್ಲ. ಹೊರಗೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು. ಪೊರಕೆ ಕಡ್ಡಿ ಮುರಿದು ಅದರ ತುದಿಯಿಂದ ಗಾಜಿನ ಪಟ್ಟಿಗೆ ಸವರಿದೆ, ಒಣಗಿಸಿದೆ, ದೀಪದ ಉರಿಯ ಮೇಲೆ ಮೂರು ಸಲ ಹಾಯಿಸಿದೆ. ಕೆಂಪು ಬಣ್ಣ ಸುರಿದು ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿದೆ. ಆವಿ ಏಳಬೇಕು, ಕುದಿಯಬಾರದು, ಐದು ನಿಮಿಷ ಹಾಗೇ ಕಾಯಬೇಕು. ನೀರಲ್ಲಿ ತೊಳೆದು ಆಸಿಡ್ ಹಾಕಿದರೆ ಕೆಂಪೆಲ್ಲ ಬಿಟ್ಟುಹೋಗುತ್ತದೆ. ಕ್ಷಯದ ಕ್ರಿಮಿ ಮಾತ್ರ ಹಿಡಿದ ಕೆಂಪನ್ನು ಬಿಡುವುದಿಲ್ಲ, ಅಷ್ಟು ಹಟಮಾರಿ. ಮೇಲೆ ನೀಲಿ ಬಣ್ಣ ಕೊಟ್ಟು ಎಣ್ಣೆಯ ಹನಿ ಹಾಕಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು ಕಾಣಬೇಕು. ಕಾಣಲಿಲ್ಲ. ಕೆನ್ನೆಯ ಒಳಚರ್ಮದ ಅಗಲ ಅಗಲ ಜೀವಕೋಶ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ರಿಜಿಸ್ಟರಿನಲ್ಲಿ 'ಕಂಡುಬಂದಿಲ್ಲ' ಎಂದು ಬರೆದೆ.

ಎರಡನೆಯ ದಿನವೂ ಅದೇ ಕಥೆ. ಅಂದು ನಾನು ಕೂಗಾಡಿಬಿಟ್ಟೆ.

"ಏನಮ್ಮಾ, ನಿನಗೇನು ಧಾಡಿ? ಮುತ್ತು ಕೇಳ್ಲಿಲ್ಲ, ರತ್ನ ಕೇಳ್ಲಿಲ್ಲ. ಕ್ಯಾಕರಿಸಿ ಉಗುಳು ಅಂದೆ!"

ಹುಡುಗಿ ಅತ್ತೆಯ ಮುಖ ನೋಡಿದಳು, ಅತ್ತೆ ನನ್ನ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಆಯಾ, "ಅರೆ, ಅಷ್ಟು ಒದರಬ್ಯಾಡ್ರಿ ಸಾಹೇಬ್ರ, ಹುಡುಗಿ ಹೆದರ್ಯಾಳ" ಅಂದಳು. ನಿನ್ನ ಕೆಲಸ ನೀನು ನೋಡು ಎಂದು ಅವಳನ್ನೂ ಗದರಿಸಿದೆ. ಹುಡುಗಿ ಮತ್ತೆ ಗೋಡೆಗೆ ತಿರುಗಿದಳು, ಮತ್ತೆ ಕೆಮ್ಮಿದಳು, ಮತ್ತೆ ಗಂಟಲು ಏರಿ ಇಳಿಯಿತು, ಮತ್ತೆ ನಾಲ್ಕು ಹನಿ.

ಮೂರನೆಯ ದಿನ ಕೂಗಾಡುವ ಉತ್ಸಾಹವೂ ಇರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡೆ, ಸವರಿದೆ, ನೋಡಿದೆ, ಬರೆದೆ. ಡಾಕ್ಟರು ನನ್ನ ಚೀಟಿ ನೋಡಿ, "ಮೂಡು ನೆಗೆಟಿವ್. ಅಂತೇ" ಅಂದರು. ಮೂರೂ ಇಲ್ಲ, ಇನ್ನೇನು, ಮುಗಿಯಿತು. ಕೆಮ್ಮಿನ ಔಷಧ ಬರೆದರು.

ಹನ್ನೆರಡರ ಹೊತ್ತಿಗೆ ನಾನು ಡಬ್ಬಿಗಳನ್ನು ಸುಡುವುದಕ್ಕೆ ಹಾಕುತ್ತಿದ್ದಾಗ ಅತ್ತೆ ಒಬ್ಬಳೇ ಬಂದಳು. ಮಡಿಲಲ್ಲಿ ಹುರಿದ ಶೇಂಗಾ ತಂದಿದ್ದಳು. ನನ್ನ ಮೇಜಿನ ಮೇಲೆ ಸುರಿದಳು.

"ನಮ್ಮ ಕಾಲಾಗ ನಿನಗ ಭಾಳ ತ್ರಾಸಾತು. ಸಿಟ್ಟು ಮಾಡ್ಕೋಬ್ಯಾಡಪ್ಪಾ. ನನ್ನ ಸೊಸಿ ಮೊಂಡಾಕಿ ಅಲ್ಲ. ಭಾಳ ಮರ್ಯಾದಿಯಾಕಿ. ಮನಿಗೆ ಬಂದು ಮೂರು ವರ್ಷಾತು, ಒಂದಿನಾನೂ ನನ್ನ ಮುಂದ ಕ್ಯಾಕರಿಸಿ ಉಗುಳಿಲ್ಲ ನೋಡು. ಎಷ್ಟು ಕೆಮ್ಮು ಬಂದ್ರೂ ನುಂಗಿಕೊಂತಾಳ. ಅಂಥಾ ಹುಡುಗಿ ಲಕ್ಷಕ್ಕೊಬ್ಬಾಕಿ."

ಕೈಯಲ್ಲಿದ್ದ ಚಿಮಟ ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ಏನಂದಿ? ನುಂಗಿಕೊಂತಾಳಾ?"

"ಮತ್ತೇನು ಮಾಡಬೇಕು? ಅತ್ತಿ ಎದುರು, ಮಾವನ ಎದುರು, ಗಂಡಸರ ಎದುರು ಉಗುಳಿದ್ರ ಅದು ಅವರ ಮಾರಿ ಮ್ಯಾಲೆ ಉಗುಳಿದಂಗಲ್ಲ? ಸಣ್ಣಾಕಿ ಇದ್ದಾಗಿಂದ ತಾಯಿ ಕಲಿಸಿರತಾಳ. ನಾನೂ ನನ್ನ ಮಗಳಿಗೆ ಹಂಗ ಕಲಿಸಿದ್ದೆ." ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ದೇವನಕೊಂಡದ ಕಡೆ ಕೊಟ್ಟಿದ್ವಿ. ಆಕಿಗೂ ಹಿಂಗ ಕೆಮ್ಮು ಬಂದಿತ್ತು. ಹೋದ ವರ್ಷಕ್ಕ ಹಿಂದಿನ ವರ್ಷ ಇಲ್ಲೇ ತೋರಿಸಿದ್ರು ಆಕಿ ಗಂಡನ ಮನಿಯವರು. ಏನೂ ಇಲ್ಲ ಅಂತ ನೀವೇ ಅಂದ್ರಂತ. ಆದ್ರ ಸಣ್ಣಾಗಿ ಸಣ್ಣಾಗಿ ಹೋಗಿಬಿಟ್ಲು. ಅದಕ್ಕ ಈಕಿದು ಅಷ್ಟು ದೂರ ಹೋಗೋದು ಬ್ಯಾಡ ಅಂತ ಜಲ್ದಿ ಕರ್ಕೊಂಡು ಬಂದೆ."

ಅವಳನ್ನು ಅಲ್ಲೇ ಕೂರಿಸಿ ಹಳೆಯ ರಿಜಿಸ್ಟರ್ ತೆಗೆದೆ. ಮಗಳ ಹೆಸರು, ಊರು ಕೇಳಿದೆ. ಪುಟ ತಿರುವಿದೆ. ಸಿಕ್ಕಿತು. ನನ್ನದೇ ಅಕ್ಷರ. ಮೂರು ದಿನ, ಮೂರು ಸಾಲು, ಮೂರರ ಎದುರಿಗೂ 'ಕಂಡುಬಂದಿಲ್ಲ'. ಆ ಮಗಳ ಮುಖ ನನಗೆ ನೆನಪಿಗೆ ಬರಲೇ ಇಲ್ಲ. ಬಹುಶಃ ಅವಳ ಮೇಲೂ ಕೂಗಾಡಿರಬೇಕು. ಅದೇ ಪುಟದಲ್ಲಿ ಮೇಲಿನಿಂದ ಕೆಳಗೆ ಬೆರಳಾಡಿಸಿದೆ. 'ಕಂಡಿದೆ' ಎಂದು ಬರೆದಲ್ಲೆಲ್ಲ ಗಂಡಸರು. ಹೆಂಗಸರ ಹೆಸರು ಬಂದಲ್ಲೆಲ್ಲ ಅದೇ 'ಕಂಡುಬಂದಿಲ್ಲ', 'ಕಂಡುಬಂದಿಲ್ಲ'. ಎಷ್ಟು ಪುಟ ಹೀಗಿದೆ ಎಂದು ಎಣಿಸುವ ಧೈರ್ಯ ಬರಲಿಲ್ಲ. ಹೆಂಗಸರಿಗೆ ಕ್ಷಯ ಕಡಿಮೆ ಎಂದು ಅಲ್ಲಿಯವರೆಗೆ ನಾನು ನಾಲ್ಕು ಜನರ ಮುಂದೆ ಜಂಬದಿಂದ ಹೇಳುತ್ತಿದ್ದೆ. ಥೂ, ನನ್ನ ವಿದ್ಯೆಗಿಷ್ಟು ಬೆಂಕಿ ಹಾಕಲಿ!

ಉಗುಳಬಾರದ ಹೆಣ್ಣುಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಒಬ್ಬ ಪರಗಂಡಸು ಕಣ್ಣು ಕಿಸಿದು ನೋಡುತ್ತಾ ಉಗುಳು ಉಗುಳು ಎಂದರೆ ಅವಳು ಹೇಗೆ ಉಗುಳಿಯಾಳು? ಆ ಚೀಟಿ ಗೋಡೆಗೆ ಅಂಟಿಸಿದವನು ನಾನೇ.

"ನೀವು ಈಗ ಊರಿಗೆ ಹೋಗಬ್ಯಾಡ್ರಿ. ಸೊಸೀನ ಕರ್ಕೊಂಡು ಛತ್ರದಾಗ ಇರ್ರಿ" ಎಂದು ಹೇಳಿ ಡಾಕ್ಟರ ಕೋಣೆಗೆ ಹೋದೆ.

ಡಾಕ್ಟರು ಊಟಕ್ಕೆ ಏಳುವುದರಲ್ಲಿದ್ದರು. ಮತ್ತೊಮ್ಮೆ ಕಫ ನೋಡಬೇಕು, ಈ ಮೂರೂ ಲೆಕ್ಕಕ್ಕಿಲ್ಲ, ಕೊಟ್ಟದ್ದು ಬರೀ ಜೊಲ್ಲು ಎಂದೆ.

"ಜೊಲ್ಲಾದರೆ ಮೊದಲೇ ಯಾಕೆ ತಗೊಂಡೆ?" ಎಂದರು. ಮಾತು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

"ತಪ್ಪಾಯಿತು. ಈಗ ಸರಿ ಮಾಡುತ್ತೇನೆ. ನನ್ನ ಮುಂದೆ ಅಲ್ಲ, ಮರೆಯಲ್ಲಿ ಕೊಡಲಿ."

"ರೂಲು ನುವ್ವೇ ಪೆಟ್ಟಿಂಚಾವು ಕದಯ್ಯಾ!" ಎಂದು ನಕ್ಕರು. ನಿಯಮ ಮಾಡಿಸಿದವನು ನೀನೇ ಅಲ್ಲವೇನಯ್ಯಾ ಎಂದು. "ಇವಳಿಗೊಂದು ಬಿಟ್ಟರೆ ನಾಳೆ ಊರಿಗೆಲ್ಲ ಬಿಡಬೇಕು. ಇರೋ ಸೀಸೆ ಎಷ್ಟು, ಕಾಯೋ ಜನ ಎಷ್ಟು, ನಿನಗೆ ಗೊತ್ತು. ನಾಲ್ಕನೇ ಸಲ ಇಲ್ಲ."

"ಹಾಗಾದರೆ ನಾನು ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ" ಎಂದೆ. ಬಾಯಿಗೆ ಬಂದದ್ದು ಬಂದುಹೋಯಿತು. ಅವರು ಟೋಪಿ ಎತ್ತಿಕೊಂಡು ಊಟಕ್ಕೆ ಹೊರಟರು. ಕೆಲಸ ಹೋಯಿತೆಂದೇ ಅಂದುಕೊಂಡೆ. ವಾಪಸು ಬರುವಾಗ ಗೋಡೆಯ ಮೇಲಿನ ಚೀಟಿ ಕಿತ್ತು ಚೂರು ಚೂರು ಮಾಡಿದೆ.

ಸಂಜೆ ಆಯಾಳನ್ನು ಕರೆದುಕೊಂಡು ಛತ್ರಕ್ಕೆ ಹೋದೆ. ಅತ್ತೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸೊಸೆಯ ಎದೆಯೊಳಗೆ ರೋಗ ಇರಬಹುದು, ಅದು ಕಫದ ಜೊತೆ ಬಾಯಿಗೆ ಬಂದಾಗಲೆಲ್ಲ ಅವಳು ನುಂಗುತ್ತಿದ್ದಾಳೆ, ಆದ್ದರಿಂದ ನಮಗೆ ಸಿಗುತ್ತಿಲ್ಲ, ಸಿಗದಿದ್ದರೆ ಸೂಜಿ ಇಲ್ಲ, ಸೂಜಿ ಇಲ್ಲದಿದ್ದರೆ ಹುಡುಗಿ ಉಳಿಯುವುದಿಲ್ಲ.

"ನಾನು ಹೇಳಿದ್ರ ಆಕಿ ಉಗುಳಂಗಿಲ್ಲ. ನೀನು ಹೇಳಬೇಕವ್ವಾ" ಎಂದೆ.

ಮುದುಕಿಗೆ ಕೆರಳಿತು. "ನನ್ನ ಮುಂದ ಉಗುಳು ಅಂತ ನಾನೇ ಹೇಳಬೇಕಾ? ಏನ್ ಮಾತಾಡ್ತೀಯಪ್ಪಾ ನೀನು? ನಾಳಿ ಓಣಿಯಾಗ ನನಗ ಏನಂತಾರ?"

"ಓಣಿಯವರು ಏನಾದ್ರೂ ಅನ್ಲಿ! ಸೊಸಿ ಬೇಕೋ ಮರ್ಯಾದಿ ಬೇಕೋ?" ನನ್ನ ದನಿ ಛತ್ರಕ್ಕೆಲ್ಲ ಕೇಳಿಸಿತು.

ಅವಳು ನನ್ನನ್ನೇ ನೆಟ್ಟಗೆ ನೋಡುತ್ತಾ ಕೇಳಿದಳು, "ಹಂಗಾದ್ರ ನನ್ನ ಮಗಳೂ ನುಂಗಿರಬೇಕಲ್ಲ?"

ರಿಜಿಸ್ಟರಿನಲ್ಲಿ ನೋಡಿದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆಯಾಳೇ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಆಸ್ಪತ್ರೆಯ ಹಿತ್ತಲಿನ ಬೇವಿನ ಮರದ ಕೆಳಗೆ ಮೂವರು ಹೆಂಗಸರೂ ಕೂತಿದ್ದರು. ಈ ಸಲ ಹುಡುಗಿ ಮುಖ ತೊಳೆದಿರಲಿಲ್ಲ. ಹಿಂದಿನ ದಿನದ ಕುಂಕುಮ ಅರ್ಧ ಅಳಿಸಿತ್ತು. ಆಯಾ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಕಂಬಳಿ ಹೊದಿಸಿ ಹುಡುಗಿಗೆ ಹಬೆ ಕೊಟ್ಟಳು. ಕಫ ಸಡಿಲವಾಗಲಿ ಎಂದು ನಾನೇ ಹೇಳಿದ್ದೆ. ಡಬ್ಬಿ ಅವರ ಹತ್ತಿರ ಇಟ್ಟು ನಾನು ಗೋಡೆಯ ಈಚೆ ಬಂದು ನಿಂತೆ. ನನ್ನ ನಿಯಮವನ್ನು ನಾನೇ ಮುರಿದೆ.

ಕೆಮ್ಮು ಕೇಳಿಸಿತು. ಆಮೇಲೆ ಸದ್ದಿಲ್ಲ. ಇನ್ನೊಮ್ಮೆ ಕೆಮ್ಮು. ಮತ್ತೆ ಸದ್ದಿಲ್ಲ.

"ನುಂಗಿಬಿಟ್ಲು" ಎಂದಳು ಆಯಾ ಬೇಸರದಿಂದ.

"ನನ್ನಿಂದ ಆಗಂಗಿಲ್ಲತ್ತೀ" ಎಂದು ಹುಡುಗಿ ಅಳುವ ದನಿಯಲ್ಲಿ ಹೇಳಿದ್ದು ಕೇಳಿಸಿತು. ಆ ಐದು ದಿನಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು.

ಆಗ ಒಂದು ಸದ್ದಾಯಿತು. ಮುದುಕಿ ಎದೆಯ ಬುಡದಿಂದ ಎಳೆದು ಕ್ಯಾಕರಿಸಿ, ಥೂ ಎಂದು ಉಗುಳಿದಳು. ಗೋಡೆಯ ಈಚೆ ನೀರಿಗೆ ಬಂದಿದ್ದ ಜನರೆಲ್ಲ ತಿರುಗಿ ನೋಡಿದರು.

"ನೋಡು, ನಾ ಉಗುಳಿದೆ. ನಿನ್ನ ಮುಂದ ಉಗುಳಿದೆ. ಈಗ ನೀ ಉಗುಳು. ನನ್ನ ಮಾರಿ ಮ್ಯಾಲೆ ಉಗುಳಿದ್ರೂ ಚಿಂತಿಲ್ಲ, ಒಳಗ ಇಟ್ಕೋಬ್ಯಾಡ, ಉಗುಳು ನನ್ನವ್ವಾ!"

ಹುಡುಗಿ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಉಸಿರು ಕಟ್ಟಿದಂತಾಯಿತು. ಕಡೆಗೆ ಡಬ್ಬಿಯ ತಗಡಿಗೆ ಏನೋ ಭಾರವಾಗಿ ಬಿದ್ದ ಸದ್ದು. ಆಯಾ ಡಬ್ಬಿ ಹಿಡಿದುಕೊಂಡು ಓಡಿಬಂದಳು. ಹಳದಿ, ಗಟ್ಟಿ ಕಫ, ಒಂದು ಬದಿಗೆ ಎಳೆಯಷ್ಟು ರಕ್ತ. ಯಾರೂ ನೋಡಲು ಇಷ್ಟಪಡದ ಆ ವಸ್ತುವನ್ನು ನೋಡಿ ನನಗೆ ಎಂಥ ಖುಷಿಯಾಯಿತೆಂದರೆ, ಆಮೇಲೆ ನನಗೇ ನಾಚಿಕೆಯಾಯಿತು.

ಮೊಸರಿನ ಗಡ್ಡೆಯಂಥ ಭಾಗ ಆರಿಸಿ ಸವರಿದೆ. ಬಣ್ಣ, ಆವಿ, ಆಸಿಡ್, ನೀಲಿ, ಒಂದರಲ್ಲೂ ಅವಸರ ಮಾಡಲಿಲ್ಲ. ಬಿಸಿಲು ಕಿಟಕಿಗೆ ಬರುವುದನ್ನು ಕಾದೆ. ಕನ್ನಡಿ ತಿರುಗಿಸಿ ಕಣ್ಣಿಟ್ಟೆ. ಎರಡನೆಯ ಜಾಗದಲ್ಲೇ ಸಿಕ್ಕವು. ನೀಲಿಯ ನಡುವೆ ತೆಳ್ಳನೆಯ, ಕೊಂಚ ಬಾಗಿದ ಕೆಂಪು ಕಡ್ಡಿಗಳು, ಒಂದೆರಡಲ್ಲ, ಗುಂಪು ಗುಂಪು.

ಸೂಕ್ಷ್ಮದರ್ಶಕ ಅಲ್ಲಾಡಿಸುವಂತಿಲ್ಲವಾದ್ದರಿಂದ ಡಾಕ್ಟರ ಬಾಗಿಲಲ್ಲಿ ನಿಂತು, "ಬಂದು ನೋಡಿ, ಆಮೇಲೆ ನನ್ನನ್ನು ತೆಗೆದುಹಾಕಿ" ಎಂದಷ್ಟೇ ಹೇಳಿ ವಾಪಸು ಬಂದೆ. ತುಸು ಹೊತ್ತಿನ ಮೇಲೆ ಬಂದರು. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ ನಾನು ತೆರೆದಿಟ್ಟಿದ್ದ ಹಳೆಯ ರಿಜಿಸ್ಟರಿನ ಪುಟಗಳನ್ನೂ ನೋಡಿದರು. ಚೀಟಿಯ ಮೇಲೆ ಸಹಿ ಹಾಕಿ, "ಆ ಬೇವಿನ ಮರದ ಕೆಳಗೆ ನಾಳೆಯಿಂದ ಮರೆಗೆ ಒಂದು ತಡಿಕೆ ಕಟ್ಟಿಸು" ಎಂದರು. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸೂಜಿ ಅಂದೇ ಶುರುವಾಯಿತು. ಅತ್ತೆ ಸೊಸೆ ಛತ್ರ ಬಿಟ್ಟು ಆಯಾಳ ಮನೆಯ ಹತ್ತಿರ ಒಂದು ಕೋಣೆ ಹಿಡಿದರು. ಹುಡುಗಿಯ ಗಂಡ ಆಗಾಗ ಜೋಳದ ಹಿಟ್ಟು ತಂದುಕೊಟ್ಟು ಹೋಗುತ್ತಿದ್ದ. ತಿಂಗಳುಗಳು ಕಳೆದವು. ರವಿಕೆಯ ತೋಳು ತುಂಬಿತು.

ಕಡೆಯ ಪರೀಕ್ಷೆಯ ದಿನ ಹುಡುಗಿ ತಡಿಕೆಯ ಹಿಂದೆ ಹೋಗಿ ತಾನೇ ಕಫ ಕೊಟ್ಟಳು. ಡಬ್ಬಿ ಹಿಡಿದು ತಂದವಳು ಅತ್ತೆ. ಆ ಪಟ್ಟಿಯನ್ನು ನೋಡಲು ನನಗೆ ಬಿಸಿಲಿರುವ ಹೊತ್ತೆಲ್ಲ ಹಿಡಿಯಿತು. ನೂರು ಜಾಗ ನೋಡಿದರೆ ಸಾಕು ಎಂದು ಕಲಿಸಿದ್ದರು. ನಾನು ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಇರಲಿಲ್ಲ. ಆಮೇಲೇ 'ಕಂಡುಬಂದಿಲ್ಲ' ಎಂದು ಬರೆದೆ.

ಮುದುಕಿ ಬಾಗಿಲಲ್ಲೇ ಕಾದು ಕೂತಿದ್ದಳು. ಅವಳನ್ನು ಒಳಗೆ ಕರೆದೆ. ಹಳೆಯ ರಿಜಿಸ್ಟರ್ ತೆಗೆದು ಅವಳ ಮಗಳ ಮೂರು ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ.

"ಏನ್ ಬರದಿ ಯಪ್ಪಾ? ಓದು."

ಓದಿದೆ. ಮಗಳ ಹೆಸರು ಓದಿದೆ, ಊರು ಓದಿದೆ. "ಕೊಟ್ಟದ್ದು ಜೊಲ್ಲು. ಪರೀಕ್ಷೆ ಆಗಿಲ್ಲ."

"ಅಂದ್ರ ಆಕಿಗೂ ಇತ್ತು."

"ಇದ್ದಿರಬೇಕವ್ವಾ. ಬರೆದವನು ನಾನೇ. ಆಗ ತಿಳೀಲಿಲ್ಲ."

ಅವಳು ಆ ಪುಟದ ಮೇಲೆ ಅಂಗೈ ಇಟ್ಟಳು. ಆಮೇಲೆ ಹೊಸ್ತಿಲು ದಾಟಿ, ಹೊರಗೆ ಕಾಯುತ್ತಿದ್ದ ಸೊಸೆಯ ಮುಂದೆ, ನನ್ನ ಮುಂದೆ, ಕ್ಯಾಕರಿಸಿ ನೆಲಕ್ಕೆ ಉಗುಳಿದಳು. ಯಾರಿಗೆ ಉಗುಳಿದಳೆಂದು ನಾನು ಕೇಳಲಿಲ್ಲ.